ಸ್ಲಾವ್ ಪಾತ್ರಕ್ಕೆ ಹೆಸರು: ರಷ್ಯದ್ದೋ, ಪೋಲೆಂಡಿನದೋ, ಸರ್ಬಿಯದ್ದೋ?

ಕಥೆಯೊಂದರಲ್ಲಿ ಮಾಸ್ಕೋದ ಒಂದು ಸಂಸಾರ ಬರುತ್ತದೆ ಎಂದಿಟ್ಟುಕೊಳ್ಳಿ. ಗಂಡ ಇವಾನ್ ಪೆತ್ರೋವಿಚ್. ಹೆಂಡತಿ ನತಾಶಾ ಪೆತ್ರೋವಿಚ್. ಮಗ ನೊವಾಕ್, ಮಗಳು ನಿಕಿತಾ. ಕಿವಿಗೆ ಎಲ್ಲವೂ ‘ಆ ಕಡೆಯ’ ಹೆಸರುಗಳೇ. ಆದರೆ ಇಂಥ ಸಂಸಾರ ಮಾಸ್ಕೋದಲ್ಲಿ ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ. ಪೆತ್ರೋವಿಚ್ ಎಂದರೆ ಇವಾನನ ಅಪ್ಪ ಪ್ಯೋತರ್ ಎಂದಷ್ಟೇ. ಅದು ಮನೆತನದ ಹೆಸರಲ್ಲ, ಹೆಂಡತಿಗೆ ದಾಟುವುದೂ ಇಲ್ಲ. ಅವಳ ಅಪ್ಪ ಸೆರ್ಗೇಯ್ ಆಗಿದ್ದರೆ ಅವಳು ಸೆರ್ಗೇಯೆವ್ನಾ. ನತಾಶಾ ಎನ್ನುವುದು ಮನೆಯವರು ಕರೆಯುವ ಹೆಸರು, ಕಾಗದಪತ್ರದಲ್ಲಿ ನತಾಲ್ಯಾ. ನೊವಾಕ್ ಸರ್ಬಿಯದ ಗಂಡುಹೆಸರು. ನಿಕಿತಾ ನಮ್ಮಲ್ಲಿ ಹುಡುಗಿ, ರಷ್ಯದಲ್ಲಿ ಗಂಡಸು. ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ನೆನಪಾದರೆ ಸಾಕು. ಸರಿಪಡಿಸಿದರೆ ಹೀಗಾಗುತ್ತದೆ: ಇವಾನ್ ಪೆತ್ರೋವಿಚ್ ಒರ್ಲೋವ್, ನತಾಲ್ಯಾ ಸೆರ್ಗೇಯೆವ್ನಾ ಒರ್ಲೊವಾ, ಮಗ ನಿಕಿತ ಇವಾನೊವಿಚ್, ಮಗಳು ದಾರ್ಯಾ ಇವಾನೊವ್ನಾ. ಮಗಳನ್ನು ಮನೆಯಲ್ಲಿ ಕರೆಯುವುದು ದಾಶಾ ಎಂದು.

ರಷ್ಯದಿಂದ ಬಲ್ಗೇರಿಯದವರೆಗೆ ಒಂದೇ ಬಳಗದ ಭಾಷೆಗಳನ್ನಾಡುವ ಜನ ಸ್ಲಾವರು. ‘ಸ್ಲಾವಿಕ್ ಹೆಸರುಗಳು’ ಎಂದು ಅಂತರ್ಜಾಲದಲ್ಲಿ ಸಿಗುವ ಉದ್ದುದ್ದ ಪಟ್ಟಿಗಳ ತೊಂದರೆಯೇ ಇದು. ಹತ್ತು ದೇಶ, ಮೂರು ಧರ್ಮ, ಸಾವಿರ ವರ್ಷ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿರುತ್ತಾರೆ. ಅಲ್ಲಿಂದ ಒಂದನ್ನು ಎತ್ತಿಕೊಳ್ಳುವ ಮುಂಚೆ ಪಾತ್ರದ ಬಗ್ಗೆ ಮೂರು ಸಂಗತಿ ಗಟ್ಟಿಯಾಗಿರಬೇಕು: ಯಾವ ದೇಶ, ಹುಟ್ಟಿದ್ದು ಯಾವಾಗ, ಮತ್ತು ಆ ಹೆಸರು ಹಿಡಿದು ಕೂಗುತ್ತಿರುವವರು ಯಾರು. ಮೊದಲೆರಡನ್ನು ಹೆಚ್ಚಿನವರು ಹೇಗೋ ವಿಚಾರಿಸುತ್ತಾರೆ. ಕಥೆ ಕೆಡುವುದು ಮೂರನೆಯದರಲ್ಲಿ.

ಟೆನಿಸ್ ನೋಡುವವರಿಗೆ ಅರ್ಧ ಪಾಠ ಆಗಲೇ ಗೊತ್ತಿದೆ. ಮರಿಯಾ ಶರಪೋವಾಳ ಅಪ್ಪ ಯೂರಿ ಶರಪೋವ್. ಹೆಣ್ಣಿಗೆ ಬಂದಾಗ ಕೊನೆಯಲ್ಲಿ ‘ಆ’ ಸೇರಿತು. ಜೊಕೊವಿಚ್ ಮನೆಯಲ್ಲಿ ಹಾಗಿಲ್ಲ, ಅಪ್ಪ ಸರ್ಜಾನ್, ಅಮ್ಮ ದಿಯಾನಾ, ಮಗ ನೊವಾಕ್ ಎಲ್ಲರೂ ಜೊಕೊವಿಚ್. ಜೆಕ್ ದೇಶದ ಪೆತ್ರಾ ಕ್ವಿತೊವಾ, ಪೋಲೆಂಡಿನ ಇಗಾ ಶ್ವಿಯೊಂತೆಕ್, ಬೆಲಾರೂಸಿನ ಅರೀನಾ ಸಬಲೆಂಕಾ, ಬಲ್ಗೇರಿಯದ ಗ್ರಿಗೋರ್ ದಿಮಿತ್ರೋವ್. ಒಂದೊಂದು ಹೆಸರೂ ಒಂದೊಂದು ನಿಯಮದ ಪ್ರಕಾರ ನಡೆಯುತ್ತದೆ. ‘ನೊವಾಕ್’ ಒಂದನ್ನೇ ನೋಡಿ: ಸರ್ಬಿಯದಲ್ಲಿ ಅದು ಇಟ್ಟ ಹೆಸರು, ಪೋಲೆಂಡ್ ಮತ್ತು ಜೆಕ್ ನಾಡುಗಳಲ್ಲಿ ಅತಿ ಸಾಮಾನ್ಯವಾದ ಮನೆತನದ ಹೆಸರು.

ರಷ್ಯ: ಒಬ್ಬಳೇ ಹೆಂಗಸು, ಏಳು ಹೆಸರು

ರಷ್ಯನ್ ಪದ್ಧತಿಯನ್ನು ಅರ್ಥ ಮಾಡಿಕೊಳ್ಳಲು ನಾವು ದೂರ ಹೋಗಬೇಕಿಲ್ಲ, ಬೆಂಗಳೂರಿನ ಕನಕಪುರ ರಸ್ತೆಯವರೆಗೆ ಹೋದರೆ ಸಾಕು. ತಾತಗುಣಿಯ ತೋಟದಲ್ಲಿ ದೇವಿಕಾರಾಣಿಯವರ ಜೊತೆ ಬಾಳಿ 1993ರಲ್ಲಿ ತೀರಿಕೊಂಡ ಕಲಾವಿದರನ್ನು ನಾವು ಸ್ವೆತೊಸ್ಲಾವ್ ರೋರಿಕ್ ಎನ್ನುತ್ತೇವೆ. ರಷ್ಯನ್ ರೀತಿಯಲ್ಲಿ ಅವರು ಸ್ವ್ಯಾತೊಸ್ಲಾವ್ ನಿಕೊಲಾಯೆವಿಚ್ ರೇರಿಖ್. ತಂದೆ ನಿಕೊಲಾಯ್ ಕೊನ್ಸ್ತಾಂತಿನೊವಿಚ್, ಅಂದರೆ ಅಜ್ಜ ಕೊನ್ಸ್ತಾಂತಿನ್. ಅಣ್ಣ ಯೂರಿ ನಿಕೊಲಾಯೆವಿಚ್. ತಾಯಿ ಯೆಲೆನಾ ಇವಾನೊವ್ನಾ ರೇರಿಖ್. ಇಲ್ಲಿ ತಾಯಿಯ ಹೆಸರಿನಲ್ಲಿ ‘ರೇರಿಖೊವಾ’ ಎಂದೇನೂ ಆಗಿಲ್ಲ ಎಂಬುದನ್ನು ಗಮನಿಸಿ. ಮನೆತನದ ಹೆಸರು ಹೊರಗಿನಿಂದ ಬಂದು ವ್ಯಂಜನದಲ್ಲಿ ಮುಗಿದಿದ್ದರೆ ಹೆಣ್ಣಿಗೂ ಅದೇ ರೂಪ. ‘-ಒವ್’, ‘-ಇನ್’, ‘-ಸ್ಕಿ’ ಬಾಲವಿದ್ದರೆ ಮಾತ್ರ ‘-ಒವಾ’, ‘-ಇನಾ’, ‘-ಸ್ಕಾಯಾ’ ಆಗುತ್ತದೆ.

ಪಿತೃನಾಮ ಕಟ್ಟುವುದು ಸುಲಭ: ಗಂಡಿಗೆ ‘-ಒವಿಚ್’ ಇಲ್ಲವೇ ‘-ಎವಿಚ್’, ಹೆಣ್ಣಿಗೆ ‘-ಒವ್ನಾ’ ಇಲ್ಲವೇ ‘-ಎವ್ನಾ’. ಇಲ್ಯಾನ ಮಗ ಇಲ್ಯಿಚ್, ಮಗಳು ಇಲ್ಯಿನಿಚ್ನಾ. ನಿಕಿತನ ಮಗ ನಿಕಿತಿಚ್. ಇಂಥ ನಾಲ್ಕಾರು ಅಪವಾದಗಳನ್ನು ಬಾಯಿಪಾಠ ಮಾಡಿಕೊಂಡರೆ ಮುಗಿಯಿತು.

ಕಷ್ಟ ಇರುವುದು ಬಳಕೆಯಲ್ಲಿ. ತೂಲಾ ಎಂಬ ಊರಿನಲ್ಲಿ ಒಬ್ಬ ವೈದ್ಯೆ ಇದ್ದಾಳೆ ಎನ್ನೋಣ, ಯೆಕತೆರೀನಾ ಪಾವ್ಲೊವ್ನಾ ಸೊಕೊಲೊವಾ. ರೋಗಿಗಳು, ನರ್ಸ್‌ಗಳು ಅವಳನ್ನು ‘ಯೆಕತೆರೀನಾ ಪಾವ್ಲೊವ್ನಾ’ ಎಂದು ಬಹುವಚನದಲ್ಲಿ ಮಾತಾಡಿಸುತ್ತಾರೆ. ‘ಡಾಕ್ಟರ್ ಸೊಕೊಲೊವಾ ಅವರೇ’ ಎನ್ನುವುದು ಇಂಗ್ಲಿಷ್ ಸಿನಿಮಾದ ಚಾಳಿ. ಗಂಡ ‘ಕಾತ್ಯಾ’ ಎನ್ನುತ್ತಾನೆ. ಅಮ್ಮನಿಗೆ ಅವಳು ‘ಕಾತೆಂಕಾ’, ಅಜ್ಜಿಗೆ ‘ಕತ್ಯೂಶಾ’. ಚಿಕ್ಕಂದಿನಲ್ಲಿ ಜಡೆ ಎಳೆಯುತ್ತಿದ್ದ ಅಣ್ಣ ‘ಕಾತ್ಕಾ’ ಎಂದು ಕರೆದರೆ ನಡೆಯುತ್ತದೆ, ಬೇರೆ ಯಾರಾದರೂ ಕರೆದರೆ ಅದು ಬೈಗುಳಕ್ಕೆ ಹತ್ತಿರ. ರಸ್ತೆಯಾಚೆಯಿಂದ ಗೆಳತಿ ಕೊನೆಯ ಸ್ವರ ನುಂಗಿ ‘ಕಾತ್!’ ಎಂದು ಕೂಗುತ್ತಾಳೆ. ಆಸ್ಪತ್ರೆಯ ಮುದಿ ಕಾವಲುಗಾರ ಬರೀ ‘ಪಾವ್ಲೊವ್ನಾ’ ಎನ್ನುತ್ತಾನೆ. ಅದರಲ್ಲಿ ಸಲಿಗೆಯೂ ಇದೆ, ಗೌರವವೂ ಇದೆ. ಇನ್ನು ಒಂದು ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಗಂಡ ‘ಯೆಕತೆರೀನಾ ಪಾವ್ಲೊವ್ನಾ, ಉಪ್ಪು ಕೊಡ್ತೀರಾ?’ ಎಂದನೆಂದರೆ ಹಿಂದಿನ ರಾತ್ರಿ ಏನೋ ಆಗಿದೆ ಎಂದು ರಷ್ಯನ್ ಓದುಗನಿಗೆ ವಿವರಿಸಿ ಹೇಳಬೇಕಿಲ್ಲ. ಕನ್ನಡ ಓದುಗನಿಗೂ ಬೇಕಿಲ್ಲ, ಏಕೆಂದರೆ ‘ನೀನು’ ಇದ್ದದ್ದು ‘ನೀವು’ ಆದಾಗ ಏನಾಗುತ್ತದೆಂದು ನಮಗೆ ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲದ ಈ ಅನುಕೂಲವನ್ನು ಕನ್ನಡದವರು ಬಿಟ್ಟುಕೊಡಬಾರದು.

ಆದರೆ ಏಳನ್ನೂ ಬಳಸಬೇಡಿ. ನವಕರ್ನಾಟಕದ ಮಳಿಗೆಗಳಲ್ಲಿ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದವರಿಗೆ ಗೊತ್ತು, ಮೂವತ್ತನೇ ಪುಟದ ಹೊತ್ತಿಗೆ ಇವನು ಅವನೇನಾ ಎಂಬ ಅನುಮಾನ ಶುರುವಾಗುತ್ತಿತ್ತು. ಮುಖ್ಯ ಪಾತ್ರಕ್ಕೆ ಮೂರು ರೂಪ, ಉಳಿದವರಿಗೆ ಒಂದೋ ಎರಡೋ ಎಂಬುದು ನನ್ನ ಲೆಕ್ಕ.

ಮುದ್ದಿನ ಹೆಸರುಗಳನ್ನು ಊಹಿಸಿ ಕಟ್ಟಲು ಹೋಗಬಾರದು. ಜೋಡಿಗಳು ಹೆಚ್ಚುಕಡಿಮೆ ನಿಗದಿಯಾಗಿವೆ. ಅಲೆಕ್ಸಾಂದರ್ ಮತ್ತು ಅಲೆಕ್ಸಾಂದ್ರಾ ಇಬ್ಬರೂ ಸಾಶಾ. ಯೆವ್ಗೇನಿ, ಯೆವ್ಗೇನಿಯಾ ಇಬ್ಬರೂ ಝೆನ್ಯಾ. ಮಿಖಾಯಿಲ್ ಮೀಶಾ, ಪಾವೆಲ್ ಪಾಶಾ, ಅಲೆಕ್ಸೇಯ್ ಅಲ್ಯೋಶಾ ಅಥವಾ ಲ್ಯೋಶಾ, ಕೊನ್ಸ್ತಾಂತಿನ್ ಕೋಸ್ತ್ಯಾ, ಸೋಫ್ಯಾ ಸೋನ್ಯಾ, ಯೆಲೆನಾ ಲೇನಾ. ವ್ಲಾದಿಮಿರ್‌ನನ್ನು ‘ವ್ಲಾದ್’ ಎಂದು ಕುಗ್ಗಿಸುವುದು ಹೊರಗಿನ ಲೇಖಕರ ಗುರುತು. ಅವನು ವೊಲೋದ್ಯಾ ಇಲ್ಲವೇ ವೋವಾ. ವ್ಲಾದ್ ಎನ್ನುವುದು ವ್ಲಾದಿಸ್ಲಾವ್‌ಗೆ. ದ್ಮಿತ್ರಿಯನ್ನು 19ನೇ ಶತಮಾನದ ಕಥೆಯಲ್ಲಿ ಮೀತ್ಯಾ ಎನ್ನಿ, 1980ರ ಕಥೆಯಲ್ಲಿ ದೀಮಾ ಎನ್ನಿ. ಅಷ್ಟರಲ್ಲೇ ನೂರು ವರ್ಷದ ಅಂತರ ಕಾಣಿಸುತ್ತದೆ.

ಉಕ್ರೇನ್, ಬೆಲಾರೂಸ್: ರಷ್ಯದ ನೆರಳಲ್ಲ

ಪುಟಿನ್ ವ್ಲಾದಿಮಿರ್, ಝೆಲೆನ್ಸ್ಕಿ ವೊಲೊದಿಮಿರ್. ಹೆಸರು ಒಂದೇ, 988ರಲ್ಲಿ ಕ್ರೈಸ್ತನಾದ ಕೀವ್‌ನ ದೊರೆಯದು, ರೂಪ ಬೇರೆ. ನಿಕೊಲಾಯ್ ಅಲ್ಲಿ ಮಿಕೊಲಾ, ಪ್ಯೋತರ್ ಪೆತ್ರೊ, ಸೆರ್ಗೇಯ್ ಸೆರ್ಹಿಯ್, ಯೆಲೆನಾ ಒಲೆನಾ, ಅಲೆಕ್ಸಾಂದರ್ ಒಲೆಕ್ಸಾಂದರ್. ರಷ್ಯನ್ನರ ‘ಗ’ ಇರುವ ಕಡೆ ಉಕ್ರೇನಿಯನ್ನರಲ್ಲಿ ಸಾಮಾನ್ಯವಾಗಿ ‘ಹ’ ಕೇಳಿಸುತ್ತದೆ. ಪಿತೃನಾಮ ಇಲ್ಲೂ ಉಂಟು, ಪೆತ್ರೊವಿಚ್ ಮತ್ತು ಪೆತ್ರಿವ್ನಾ. ಮನೆತನದ ಹೆಸರು ‘-ಎಂಕೊ’ ಎಂದು ಮುಗಿದರೆ ಗಂಡಿಗೂ ಹೆಣ್ಣಿಗೂ ಬದಲಾವಣೆ ಇಲ್ಲ. ಅದೇ ಬಾಲ ಬೆಲಾರೂಸಿನಲ್ಲಿ ‘-ಎಂಕಾ’ ಆಗಬಹುದು. ಸಬಲೆಂಕಾ ಹಾಗೆ ಬಂದದ್ದು. ಅರೀನಾ ಎನ್ನುವುದು ಇರೀನಾದ ಬೆಲಾರೂಸಿ ರೂಪ.

ಕರ್ನಾಟಕದಿಂದ ಖಾರ್ಕಿವ್‌ಗೆ ವೈದ್ಯಕೀಯ ಓದಲು ಹೋದ ಹುಡುಗ ಹುಡುಗಿಯರ ಕಥೆ ಬರೆಯುವವರು ಇಲ್ಲೊಂದು ಸೂಕ್ಷ್ಮ ನೋಡಿಕೊಳ್ಳಬೇಕು. ಖಾರ್ಕಿವ್ ಬಹುಕಾಲ ರಷ್ಯನ್ ಮಾತಾಡುವ ಊರಾಗಿತ್ತು. ಹಾಗಾಗಿ ಕಾಲೇಜಿನ ದಾಖಲೆಯಲ್ಲಿ ಒಲೆಕ್ಸಾಂದರ್ ಆಗಿರುವವನು ಹಾಸ್ಟೆಲಿನ ಮೆಟ್ಟಿಲ ಮೇಲೆ ಸಾಶಾ ಆಗಿರುವುದು ಸಹಜ. 2022ರ ಯುದ್ಧದ ನಂತರ ಬಹಳ ಜನ ಮನೆಮಾತನ್ನೇ ಉಕ್ರೇನಿಯನ್‌ಗೆ ಬದಲಿಸಿಕೊಂಡರು. ಅಂಥವನೊಬ್ಬ ಈಗ ತನ್ನನ್ನು ‘ಸಾಶ್ಕೊ’ ಎಂದೋ ‘ಒಲೆಸ್’ ಎಂದೋ ಕರೆಯಿರಿ ಎಂದರೆ ಅಲ್ಲೇ ಒಂದು ಕಥೆ ಇದೆ. ಕರೆಯುವಾಗ ಹೆಸರಿನ ತುದಿ ಬದಲಾಗುವುದೂ ಇಲ್ಲಿನ ಚೆಲುವು: ಇವಾನ್‌ನನ್ನು ಕೂಗುವುದು ‘ಇವಾನೆ!’, ಒಲೆನಾಳನ್ನು ‘ಒಲೆನೊ!’. ಮುದ್ದಿನ ಹೆಸರುಗಳಲ್ಲಿ ಮಾರಿಚ್ಕಾ, ಕತ್ರೂಸ್ಯಾ, ಇವಾಸ್, ಪೆತ್ರಿಕ್ ಇವೆಲ್ಲ ಕೇಳಿದ ಕೂಡಲೇ ಉಕ್ರೇನ್ ಎನಿಸುವಂಥವು.

ಪೋಲೆಂಡ್: ಆಶಾ ಇದ್ದಾಳೆ, ಬಾಶಾ ಕೂಡ

ಪೋಲೆಂಡಿನಲ್ಲಿ ಪಿತೃನಾಮದ ಗೊಡವೆಯೇ ಇಲ್ಲ. ಅದರ ಜಾಗದಲ್ಲಿ ಗೌರವ ಹೊರುವುದು ‘ಪಾನ್’ ಮತ್ತು ‘ಪಾನಿ’. ಆದರೆ ಎದುರಿಗಿರುವವರನ್ನು ಪಾನ್ ಮತ್ತು ಮನೆತನದ ಹೆಸರು ಸೇರಿಸಿ ಕೂಗಿದರೆ ಒರಟಾಗಿ ಕೇಳಿಸುತ್ತದೆ, ಮೇಷ್ಟರು ಹುಡುಗರನ್ನು ಗದರಿಸಿದ ಹಾಗೆ. ಕಚೇರಿಯಲ್ಲಿ ಅರ್ಧ ಸಲಿಗೆ ಅರ್ಧ ಮರ್ಯಾದೆ ಬೇಕಾದಾಗ ‘ಪಾನಿ’ ಜೊತೆ ಮುದ್ದಿನ ಹೆಸರನ್ನೇ ಸೇರಿಸುತ್ತಾರೆ. ಪಕ್ಕದ ಮೇಜಿನ ಕತಜಿನಾ ‘ಪಾನಿ ಕಾಶು’ ಆಗುತ್ತಾಳೆ. ರಷ್ಯನ್ನರಿಗೆ ಇದು ಹೊಳೆಯದ ಹದ.

ಇಲ್ಲಿನ ಮುದ್ದಿನ ಹೆಸರುಗಳು ನನಗೆ ಎಲ್ಲಕ್ಕಿಂತ ಇಷ್ಟ. ಯೊಅನ್ನಾ ಎಂಬವಳು ಮನೆಯಲ್ಲಿ ‘ಆಶಾ’, ಕನ್ನಡದ ಆಶಾ ಇದ್ದ ಹಾಗೆಯೇ. ಬಾರ್ಬರಾ ‘ಬಾಶಾ’, ನಮ್ಮ ಓದುಗನಿಗೆ ಅಲ್ಲೊಬ್ಬ ಸಾಹೇಬರು ಕಂಡರೆ ಅವನ ತಪ್ಪಲ್ಲ. ಮಾವ್ಗೊಝಾತಾ ಎಂಬ ನಾಲಿಗೆ ಹೊರಳದ ಹೆಸರಿನವಳು ‘ಗೋಶಾ’. ಅದೇ ಗೋಶಾ ರಷ್ಯದಲ್ಲಿ ಗೆಯೋರ್ಗಿ ಎಂಬ ಗಂಡಸು, ಬಲ್ಗೇರಿಯದಲ್ಲಿ ಅವನೇ ‘ಗೋಶೊ’. ಅಲೆಕ್ಸಾಂದ್ರಾ ಇಲ್ಲಿ ‘ಓಲಾ’. ಸಾಶಾ ಎಂದು ಬರೆದರೆ ಅವಳು ಗಡಿ ದಾಟಿ ಬಂದವಳು ಎಂದು ಓದುಗ ಅಂದುಕೊಳ್ಳುತ್ತಾನೆ. ಗಂಡಸರಲ್ಲಿ ಯಾನ್ ‘ಯಾನೆಕ್’, ಯಾಕುಬ್ ‘ಕೂಬಾ’, ಸ್ತನಿಸ್ವಾವ್ ‘ಸ್ತಾಶೆಕ್’, ಯೆಝಿ ‘ಯೂರೆಕ್’.

ಕನ್ನಡ ಲಿಪಿಯಲ್ಲಿ ಪೋಲಿಷ್ ಕಾಟ ಕೊಡುತ್ತದೆ. ಕ್ಶಿಶ್ತೊಫ್, ವೊಯ್ಚೆಖ್, ಗ್ಝೆಗೊಶ್ ಇಂಥವನ್ನು ಕಾದಂಬರಿಯುದ್ದಕ್ಕೂ ಓದಿಸುವುದು ಹಿಂಸೆ. ಪೂರ್ತಿ ಹೆಸರನ್ನು ಒಮ್ಮೆ ಹೇಳಿ, ಉಳಿದ ಕಡೆ ವೊಯ್ತೆಕ್, ಕ್ಶಿಶೆಕ್ ಎಂದು ಇಳಿಸಿಕೊಳ್ಳಬಹುದು. ನಾನಾದರೆ ಮಾರೆಕ್, ತೊಮೆಕ್, ಕೂಬಾ, ಓಲಾ ಇಂಥವರನ್ನೇ ನಾಯಕರನ್ನಾಗಿ ಮಾಡುತ್ತೇನೆ. ಮನೆತನದ ಹೆಸರು ‘-ಸ್ಕಿ’ ಇದ್ದರೆ ಹೆಣ್ಣಿಗೆ ‘-ಸ್ಕಾ’: ಕೊವಾಲ್ಸ್ಕಿಯ ಹೆಂಡತಿ ಕೊವಾಲ್ಸ್ಕಾ. ನೊವಾಕ್, ಶ್ವಿಯೊಂತೆಕ್‌ನಂಥವು ಈಗ ಇಬ್ಬರಿಗೂ ಒಂದೇ.

ಜೆಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೊವಾಕ್‌ನ ಹೆಂಡತಿ ನೊವಾಕೊವಾ, ನೊವೊತ್ನಿಯ ಹೆಂಡತಿ ನೊವೊತ್ನಾ. 2022ರಿಂದ ಜೆಕ್ ಹೆಂಗಸರು ಬೇಕಿದ್ದರೆ ‘-ಒವಾ’ ಇಲ್ಲದ ರೂಪವನ್ನು ಆರಿಸಿಕೊಳ್ಳಲು ಕಾನೂನು ಬಿಟ್ಟಿದೆ, ಹಾಗಾಗಿ ಇಂದಿನ ಪ್ರಾಗ್‌ನ ತರುಣಿಗೆ ಎರಡೂ ಸಾಧ್ಯ. 1968ರ ತರುಣಿಗೆ ಒಂದೇ. ಮುದ್ದಿನ ಹೆಸರುಗಳನ್ನು ಮಾತ್ರ ನೋಡಿಯೇ ಹಾಕಬೇಕು, ಮೂಲಕ್ಕೂ ಅವಕ್ಕೂ ತಾಳೆಯಾಗುವುದಿಲ್ಲ: ಯಾನ್ ‘ಹೊಂಜಾ’, ಯೋಸೆಫ್ ‘ಪೆಪಾ’, ಯಿರ್ಝಿ ‘ಯಿರ್ಕಾ’.

ಬಾಲ್ಕನ್: ಹೆಸರೇ ಧರ್ಮ ಹೇಳುವ ಕಡೆ

ರಷ್ಯದ ಕಥೆಯಲ್ಲಿ ಹೆಸರು ತಪ್ಪಿದರೆ ಓದುಗ ನಗುತ್ತಾನೆ. 1992ರಲ್ಲಿ ಮುತ್ತಿಗೆಗೆ ಸಿಕ್ಕ ಬೋಸ್ನಿಯದ ಸರಾಯೆವೊದ ಕಥೆಯಲ್ಲಿ ತಪ್ಪಿದರೆ ಕಥೆಯೇ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ತಪಾಸಣೆಯ ಗೇಟಿನಲ್ಲಿ ಗುರುತಿನ ಚೀಟಿಯ ಹೆಸರು ನೋಡಿಯೇ ಯಾರು ಯಾವ ಕಡೆ ಎಂದು ತೀರ್ಮಾನವಾಗುತ್ತಿತ್ತು. ಭಾಷೆ ಹೆಚ್ಚುಕಡಿಮೆ ಒಂದೇ. ಯೊವಾನ್ ಎಂದರೆ ಆರ್ಥೊಡಾಕ್ಸ್ ಸರ್ಬ್, ಇವಾನ್ ಅಥವಾ ಇವೊ ಬಹುತೇಕ ಕ್ಯಾಥೊಲಿಕ್ ಕ್ರೊಯೇಟ್. ಸ್ತೆಫಾನ್ ಮತ್ತು ಸ್ತ್ಯೆಪಾನ್‌ಗೂ ಅದೇ ಅಂತರ. ಎದಿನ್, ಎಮಿರ್, ಹಾರಿಸ್ ಬೋಸ್ನಿಯದ ಮುಸ್ಲಿಮರು. ಹೆಸರು ಅರಬ್ಬಿ ಮೂಲದ್ದು, ಮಾತು ಸ್ಲಾವ್. ‘ಅಪ್ಪಟ ಸ್ಲಾವಿಕ್’ ಪಟ್ಟಿಗಳಲ್ಲಿ ಇವರು ಕಾಣಿಸುವುದಿಲ್ಲ, ಬೋಸ್ನಿಯದ ಕಥೆಯಲ್ಲಿ ಇವರಿಲ್ಲದಿದ್ದರೆ ಊರಿನ ಅರ್ಧ ಜನ ಇಲ್ಲದಂತೆ.

ಇವರೆಲ್ಲ ಯುಗೊಸ್ಲಾವಿಯ ಎಂಬ ಒಂದೇ ದೇಶದಲ್ಲಿದ್ದ ಕಾಲದಲ್ಲಿ ಧರ್ಮದ ಗುರುತು ಅಷ್ಟಾಗಿ ಕಾಣದ ಹೆಸರುಗಳಿಗೂ ಬೇಡಿಕೆ ಇತ್ತು: ಗೊರಾನ್, ಜೊರಾನ್, ವೆಸ್ನಾ, ಯಾಸ್ನಾ. ಸರ್ಬ್ ಮನೆಯಲ್ಲೂ ಕ್ರೊಯೇಟ್ ಮನೆಯಲ್ಲೂ ಇವು ಸಿಗುತ್ತವೆ. 2001ರಲ್ಲಿ ವಿಂಬಲ್ಡನ್ ಗೆದ್ದ ಗೊರಾನ್ ಇವಾನಿಸೆವಿಚ್ ಕ್ರೊಯೇಷಿಯದವರು. ಪಾತ್ರದ ಮೂಲವನ್ನು ಮಧ್ಯದವರೆಗೆ ಮುಚ್ಚಿಡಬೇಕಾದ ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಹೆಸರುಗಳಿಲ್ಲ.

ಸರ್ಬಿಯದ ‘-ವಿಚ್’ ಬಗ್ಗೆ ಮತ್ತೊಮ್ಮೆ: ಅದು ಮನೆತನದ ಹೆಸರು, ಪಿತೃನಾಮ ಅಲ್ಲ, ಹೆಣ್ಣಿಗೆ ಬದಲಾಗುವುದಿಲ್ಲ. ‘ನೊವಾಕ್ ಸರ್ಜಾನೊವಿಚ್’ ಎಂದು ಬೆಲ್‌ಗ್ರೇಡ್‌ನಲ್ಲಿ ಯಾರೂ ಕರೆಯುವುದಿಲ್ಲ. ಅಭಿಮಾನಿಗಳಿಗೆ ಅವನು ‘ನೋಲೆ’. ಸಾಶಾ ಇಲ್ಲಿ ಮುದ್ದಿನ ಹೆಸರಷ್ಟೇ ಅಲ್ಲ, ದಾಖಲೆಯಲ್ಲೂ ಇರಬಹುದಾದ ಪೂರ್ತಿ ಹೆಸರು. ‘ವುಕ್’, ಅಂದರೆ ತೋಳ, ಎಂಬ ಹೆಸರಿನ ಹಿಂದೆ ನಮಗೆ ಹತ್ತಿರದ ಒಂದು ನಂಬಿಕೆ ಇದೆ. ಸರ್ಬಿಯನ್ ಭಾಷೆಯನ್ನು ತಿದ್ದಿ ಕಟ್ಟಿದ ವುಕ್ ಕರಾಜಿಚ್ (ಹುಟ್ಟಿದ್ದು 1787) ಅವರಿಗೆ ಆ ಹೆಸರಿಟ್ಟದ್ದು ಮುಂಚೆ ಹುಟ್ಟಿದ ಮಕ್ಕಳು ಉಳಿಯಲಿಲ್ಲವೆಂದು. ತೋಳದ ಹತ್ತಿರ ಮಾಟಗಾತಿಯರು ಸುಳಿಯರಂತೆ. ಹುಟ್ಟಿದ ಮಗು ಉಳಿಯಲಿ ಎಂದು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆದ ನಮ್ಮ ಹಳ್ಳಿಗಳವರಿಗೆ ಇದು ಅಡಿಟಿಪ್ಪಣಿ ಬೇಡದ ವಿಷಯ.

ಬಲ್ಗೇರಿಯದಲ್ಲಿ ಮತ್ತೆ ಮೂರು ಭಾಗ: ಇವಾನ್ ಪೆತ್ರೋವ್ ಗೆಯೋರ್ಗಿಯೆವ್. ನಡುವಿನದು ಅಪ್ಪನ ಹೆಸರಿನಿಂದ ಬಂದದ್ದು, ಆದರೆ ‘-ವಿಚ್’ ಇಲ್ಲ, ಎದುರಾ ಎದುರು ಕರೆಯಲು ಅದನ್ನು ಬಳಸುವುದೂ ಇಲ್ಲ. ಹಿರಿಯ ಗಂಡಸನ್ನು ‘ಬಾಯ್ ಇವಾನ್’ ಎನ್ನುತ್ತಾರೆ, ತನಗಿಂತ ದೊಡ್ಡ ಹುಡುಗಿಯನ್ನು ‘ಕಾಕಾ’ ಎಂದು ಸೇರಿಸಿ ಕರೆಯುತ್ತಾರೆ, ನಾವು ಅಕ್ಕ ಎಂದ ಹಾಗೆ. ಕನ್ನಡದಲ್ಲಿ ‘ಕಾಕಾ’ ಎಂದರೆ ಚಿಕ್ಕಪ್ಪ ಆಗಿಬಿಡುವುದರಿಂದ, ಅಲ್ಲಿ ಸೀದಾ ಅಕ್ಕ ಎಂದೇ ಬರೆಯುವುದು ಮೇಲು. ದಿಮಿತರ್ ‘ಮಿತ್ಕೊ’, ಪೆತರ್ ‘ಪೆಶೊ’, ತೊದೊರ್ ‘ತೊಶೊ’. ಹೆಸರಿನ ಹಬ್ಬ ಇಲ್ಲಿ ಜೋರು: ಜನವರಿ 7ಕ್ಕೆ ಇವಾನ್‌ಗಳದ್ದು, ಮೇ 6ಕ್ಕೆ ಗೆಯೋರ್ಗಿಗಳದ್ದು, ಆ ದಿನ ಕರೆಯದೆಯೇ ನೆಂಟರಿಷ್ಟರು ಬಂದು ಕೂರುವುದು ವಾಡಿಕೆ. ಬೇಡದ ಅತಿಥಿಯನ್ನು ಮನೆಯೊಳಗೆ ತರಲು ಕಥೆಗಾರನಿಗೆ ಇದಕ್ಕಿಂತ ಸಲೀಸಾದ ದಾರಿ ಯಾವುದು? ಅದೇ ದೇಶದಲ್ಲಿ 1984ರ ಕೊನೆಯಿಂದ 1985ರ ಆರಂಭದವರೆಗೆ ಸರ್ಕಾರ ತುರ್ಕಿ ಮೂಲದ ಲಕ್ಷಾಂತರ ಜನರ ಹೆಸರನ್ನು ಬಲವಂತವಾಗಿ ಬಲ್ಗೇರಿಯನ್ ಹೆಸರಿಗೆ ಬದಲಿಸಿತು. ಹಳೆಯ ಹೆಸರು ಮರಳಿ ಸಿಕ್ಕಿದ್ದು ಆ ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ. 1987ರಲ್ಲಿ ನಡೆಯುವ ಕಥೆಯಲ್ಲಿ ಅಂಥ ಮನೆಯ ಹುಡುಗನಿಗೆ ಎರಡು ಹೆಸರು ಇರಲೇಬೇಕು, ಒಂದು ಬಾಗಿಲ ಒಳಗೆ, ಇನ್ನೊಂದು ಹೊರಗೆ.

ವರ್ಷ ತಪ್ಪಿದರೆ

ಸ್ವೆತ್ಲಾನಾ ಎಷ್ಟು ಪುರಾತನ ಎನಿಸುತ್ತದೋ ಅಷ್ಟು ಹೊಸದು. 19ನೇ ಶತಮಾನದ ಆರಂಭದಲ್ಲಿ ಕವಿಗಳು ಚಾಲ್ತಿಗೆ ತಂದ ಹೆಸರು ಅದು, ಮಕ್ಕಳಿಗೆ ಧಾರಾಳವಾಗಿ ಇಡತೊಡಗಿದ್ದು ಸೋವಿಯತ್ ಕಾಲದಲ್ಲಿ. ಮಧ್ಯಯುಗದ ರಾಜಕುಮಾರಿ ಸ್ವೆತ್ಲಾನಾ ಎಂದು ಬರೆದರೆ ಕಾಲ ಏಳೆಂಟು ನೂರು ವರ್ಷ ಜಾರಿದಂತೆ. ಒಲೆಗ್, ಇಗೋರ್, ಓಲ್ಗಾ ಮಾತ್ರ ನಿಜಕ್ಕೂ ಹಳೆಯವು, ಆದರೆ ಅವು ಸ್ಕ್ಯಾಂಡಿನೇವಿಯದಿಂದ ಬಂದ ದೊರೆಗಳ ಹೆಸರುಗಳು. ನಿಜವಾದ ಹಳೆಯ ಸ್ಲಾವ್ ಬಗೆ ಬೇಕಿದ್ದರೆ ಮ್ಸ್ತಿಸ್ಲಾವ್, ಯಾರೊಸ್ಲಾವ್, ದೊಬ್ರಿನ್ಯಾ, ಝ್ದಾನ್, ಹೆಣ್ಣಿಗೆ ಪ್ರೆದ್‌ಸ್ಲಾವಾ, ದೊಬ್ರಾವಾ. ಕಲ್ಪಿತ ರಾಜ್ಯದ ಕಥೆ ಬರೆಯುವವರಿಗೆ ನಾನು ಹೇಳುವುದು ಇಷ್ಟೇ: ನತಾಶಾ, ಬೊರಿಸ್, ಇವಾನ್‌ಗಳನ್ನು ಬಿಟ್ಟು ಈ ಕಡೆ ಬನ್ನಿ.

ರಷ್ಯದ ರೈತನಿಗೆ 18ನೇ ಶತಮಾನದಲ್ಲಿ ‘ಇವಾನ್ ಪೆತ್ರೋವಿಚ್’ ಎಂಬ ಮರ್ಯಾದೆ ಇರಲಿಲ್ಲ. ಆಗ ‘-ವಿಚ್’ ಮೇಲ್ದರ್ಜೆಯವರ ಸೊತ್ತು. ಅದಕ್ಕೂ ಮುಂಚೆ ತ್ಸಾರನಿಗೆ ಅರ್ಜಿ ಬರೆಯುವಾಗ ಶ್ರೀಮಂತರೂ ತಮ್ಮನ್ನು ‘ಇವಾಶ್ಕಾ’ ಎಂದು ಕುಗ್ಗಿಸಿಕೊಂಡೇ ಸಹಿ ಹಾಕಬೇಕಿತ್ತು, ಅದನ್ನು ಪೀಟರ್ ದೊರೆ 1701ರಲ್ಲಿ ನಿಲ್ಲಿಸಿದ. ಜೀತದ ರೈತರಲ್ಲಿ ಬಹುಮಂದಿಗೆ ದಾಖಲೆಯ ಮನೆತನದ ಹೆಸರು ಬಂದದ್ದು 1861ರ ಬಿಡುಗಡೆಯ ನಂತರ. ಇನ್ನು ಕ್ರಾಂತಿಯ ಮಕ್ಕಳು ಬೇರೆಯೇ ತಳಿ: ವ್ಲಾದಿಮಿರ್ ಲೆನಿನ್‌ನಿಂದ ಬಂದ ವ್ಲಾದ್ಲೆನ್, ಮಾರ್ಕ್ಸ್ ಮತ್ತು ಲೆನಿನ್ ಸೇರಿದ ಮಾರ್ಲೆನ್, ಅಕ್ಟೋಬರ್ ಕ್ರಾಂತಿಯ ಒಕ್ತ್ಯಾಬ್ರೀನಾ, ಲೆನಿನ್ ಎಂಬುದನ್ನು ತಿರುಗಿಸಿ ಓದಿದ ನಿನೆಲ್. 1925ರಲ್ಲಿ ಹುಟ್ಟಿದ ನಿನೆಲ್ 1990ರಲ್ಲಿ ಅಜ್ಜಿಯಾಗಿ ಬಂದರೆ ಅವಳ ಹೆಸರೇ ಅವಳಪ್ಪನ ಕಥೆ ಹೇಳುತ್ತದೆ. ಅದೇ ವಯಸ್ಸಿನ ಹಳ್ಳಿಯ ಅಜ್ಜಿ ಪ್ರಸ್ಕೊವ್ಯಾ ಅಥವಾ ಯೆವ್ದೊಕೀಯಾ ಆಗಿರುತ್ತಾಳೆ.

ಹುಟ್ಟಿದ ವರ್ಷಕ್ಕೆ ಹೆಸರು ಹೊಂದುತ್ತದೆಯೇ ಎಂದು ನೋಡಲು ಮಕ್ಕಳ ಹೆಸರಿನ ತಾಣಗಳಿಗಿಂತ ಆಟದ ತಂಡಗಳ ಪಟ್ಟಿ ವಾಸಿ. 1960ರ ಸುಮಾರಿಗೆ ಹುಟ್ಟಿದ ಬಲ್ಗೇರಿಯದವನಿಗೆ ಹೆಸರು ಬೇಕೇ? 1980ರ ದಶಕದ ಬಲ್ಗೇರಿಯದ ಒಲಿಂಪಿಕ್ ತಂಡದಲ್ಲಿ ಕಣ್ಣಾಡಿಸಿ, ಒಬ್ಬರ ಇಟ್ಟ ಹೆಸರಿಗೆ ಇನ್ನೊಬ್ಬರ ಮನೆತನದ ಹೆಸರು ಜೋಡಿಸಿ.

ಕನ್ನಡದಲ್ಲಿ ಬರೆಯುವಾಗ

ಕಡಿಮೆ ಪಾತ್ರಗಳಿರುವ ಸಣ್ಣಕಥೆಗೆ ಬಲ್ಗೇರಿಯ, ಸರ್ಬಿಯ ಹಗುರ. ಹೆಸರು ಚಿಕ್ಕದು, ಉಚ್ಚಾರ ನಮ್ಮ ಲಿಪಿಗೆ ಒಗ್ಗುತ್ತದೆ. ಸಂಬಂಧಗಳ ಬಿಸಿ-ತಂಪು ತೋರಿಸುವುದೇ ಕಥೆಯ ಜೀವ ಎಂದಾದರೆ ರಷ್ಯನ್‌ಗೆ ಸಮನಿಲ್ಲ. ಪೋಲಿಷ್ ಬರೆಯುವವರು ಮುದ್ದಿನ ಹೆಸರುಗಳನ್ನು ನಂಬಿ ಹೊರಡಬೇಕು.

ಗಂಡೋ ಹೆಣ್ಣೋ ಎಂಬ ಗೊಂದಲ ರಷ್ಯನ್ ಹೆಸರುಗಳ ಜೊತೆ ಬಂದೇ ಬರುತ್ತದೆ. ವಾನ್ಯಾ, ಮೀಶಾ, ಕೋಲ್ಯಾ ಎಲ್ಲರೂ ಗಂಡಸರು. ಕನ್ನಡದ ಕ್ರಿಯಾಪದವೇ ‘ಬಂದ’, ‘ಬಂದಳು’ ಎಂದು ಬಿಡಿಸಿ ಹೇಳುವುದರಿಂದ ಅರ್ಧ ಕೆಲಸ ತಾನಾಗೇ ಆಗುತ್ತದೆ. ಉಳಿದರ್ಧಕ್ಕೆ ಒಂದು ಉಪಾಯ: ಪುಸ್ತಕದಲ್ಲಿ ಗಂಡಸರ ಹೆಸರನ್ನು ಹ್ರಸ್ವದಲ್ಲಿ ಮುಗಿಸಿ, ಹೆಂಗಸರದ್ದನ್ನು ದೀರ್ಘದಲ್ಲಿ. ವಾನ್ಯ, ಮೀಶ, ನಿಕಿತ. ಮಾಶಾ, ಕಾತ್ಯಾ, ದಾಶಾ. ಆಗ ‘ವಾನ್ಯನಿಗೆ’, ‘ಮಾಶಾಳಿಗೆ’ ಎಂದು ವಿಭಕ್ತಿಯೂ ಸರಾಗ. ಇಬ್ಬರು ಸಾಶಾ ಇದ್ದರೂ ಒಬ್ಬ ಸಾಶ, ಇನ್ನೊಬ್ಬಳು ಸಾಶಾ. ಕೊನೆಗೆ ಪಾತ್ರಗಳ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೊದಲ ಅಕ್ಷರ ನೋಡಿ. ವಾನ್ಯ, ವಾಸ್ಯ, ವೀತ್ಯ, ವೋವ ನಾಲ್ವರೂ ಒಂದೇ ಅಧ್ಯಾಯದಲ್ಲಿ ಕೂತಿದ್ದರೆ ಮೂವರ ಹೆಸರು ಬದಲಿಸಿ. ವಾಸ್ಯನನ್ನು ಗ್ರೀಶ ಮಾಡಿ, ವೀತ್ಯನನ್ನು ಕೋಸ್ತ್ಯ ಮಾಡಿ, ವೋವನನ್ನು 1970ರ ನಂತರ ಹುಟ್ಟಿದವನಾಗಿದ್ದರೆ ದೀಮ ಮಾಡಿ.